ಸ್ಪಷ್ಟನೆ: ಟರ್ಮಿನಲ್ 2 ವಿದೇಶಕ್ಕೆ ಹೋಗುವವರಿಗೆ ಮಾತ್ರವಲ್ಲ

‘ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ದೇಶದೊಳಗಿನ ವಿಮಾನಗಳೆಲ್ಲ ಟಿ1ರಿಂದ, ವಿದೇಶದವು ಟಿ2ರಿಂದ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಅರ್ಧ ಮಾತ್ರ ನಿಜ. ಅಂತರರಾಷ್ಟ್ರೀಯ ಹಾರಾಟ 2023ರ ಸೆಪ್ಟೆಂಬರ್ 12ರಂದು ಟಿ2ಕ್ಕೆ ಸ್ಥಳಾಂತರವಾಯಿತು. ಆದರೆ ಟಿ2 ಶುರುವಾಗಿದ್ದೇ ಆ ವರ್ಷದ ಜನವರಿಯಲ್ಲಿ, ದೇಶೀಯ ವಿಮಾನಗಳಿಂದ. ಅವು ಈಗಲೂ ಎರಡೂ ಕಡೆಯಿಂದ ಹಾರುತ್ತವೆ.

ಹಾಗಾಗಿ ಹೋಗುವ ಊರು ನೋಡಿ ಟರ್ಮಿನಲ್ ತೀರ್ಮಾನಿಸಬೇಡಿ, ಟಿಕೆಟ್‌ನಲ್ಲಿ ಟಿ1 ಎಂದಿದೆಯೋ ಟಿ2 ಎಂದಿದೆಯೋ ನೋಡಿ. ಒಂದು ಕಂಪನಿಯ ಹೆಸರಲ್ಲಿ ಕೊಂಡ ಟಿಕೆಟ್‌ಗೆ ಬೇರೆ ಕಂಪನಿಯ ವಿಮಾನ ಬರುವುದುಂಟು. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ವಿಮಾನ ಹಾರಿಸುವ ಕಂಪನಿ ಯಾವುದೆಂದು ಖಚಿತಪಡಿಸಿಕೊಂಡು, ಕ್ಯಾಬ್ ಬುಕ್ ಮಾಡುವಾಗಲೇ ಟರ್ಮಿನಲ್ ನಮೂದಿಸಿ. ತಪ್ಪಿ ಇಳಿದರೆ ಗಾಬರಿ ಬೇಡ, ಟರ್ಮಿನಲ್‌ಗಳ ನಡುವೆ ಶಟಲ್ ಬಸ್ ಇದೆ. ಕಾಯುವ ಸಮಯವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.