ಗಟ್ಟಿ ಇರಬಾರದ ದಾರ

ನಾನಿರುವ ನಾರ್ವೆಯ ಬರ್ಗೆನ್ ಕಡೆ ಅಕ್ಟೋಬರ್ 1ರ ಬೆಳಿಗ್ಗೆ ಎಂಟು ಗಂಟೆಗೆ ಲಾಬ್‌ಸ್ಟರ್ ಅನ್ನುವ ದೊಡ್ಡ ಸಿಗಡಿಯಂಥ ಕಡಲಜೀವಿಯನ್ನು ಹಿಡಿಯುವ ಕಾಲ ಶುರುವಾಗುತ್ತದೆ. ಕೆಲವು ವರ್ಷದ ಹಿಂದೆ, ಅದರ ಹಿಂದಿನ ದಿನ ಸಂಜೆ, ಪಕ್ಕದ ಮನೆಯ ಅಜ್ಜ ತಮ್ಮ ಬೋನುಗಳನ್ನೆಲ್ಲ ಅಂಗಳದಲ್ಲಿ ಹರವಿಕೊಂಡು ಕೂತಿದ್ದರು. ನಾನೂ ಕೈಜೋಡಿಸಲು ಹೋದೆ. ಒಂದು ಬೋನಿನ ಬಾಗಿಲಿಗೆ ಕಟ್ಟಿದ್ದ ದಾರ ಪೂರ್ತಿ ಲಡ್ಡಾಗಿತ್ತು. ಮುಟ್ಟಿದರೆ ಪುಡಿಪುಡಿ. ಮನೆಗೆ ಓಡಿ ನೈಲಾನ್ ದಾರ ತಂದು ಮೂರು ಗಂಟು ಹಾಕಿ ಬಿಗಿದೆ.

ಅಜ್ಜ ನೋಡಿದರು. ಮಾತಾಡದೆ ಚಾಕು ತೆಗೆದು ನನ್ನ ಗಂಟನ್ನು ಕತ್ತರಿಸಿದರು. ಜೇಬಿನಿಂದ ಬಿಳಿ ಹತ್ತಿ ದಾರದ ಉಂಡೆ ತೆಗೆದು, ಅದರಲ್ಲಿ ಒಂದೇ ಗಂಟು ಹಾಕಿದರು. "ಇದು ಗಟ್ಟಿ ಇರಬಾರದು" ಅಂದರು.

ಆಮೇಲೆ ಬಿಡಿಸಿ ಹೇಳಿದರು. ಬೋನು ಒಮ್ಮೊಮ್ಮೆ ಕಳೆದುಹೋಗುತ್ತದೆ. ಬಿರುಗಾಳಿಗೆ ಹಗ್ಗ ಹರಿಯಬಹುದು, ಯಾವುದೋ ದೋಣಿಯ ಫ್ಯಾನಿಗೆ ಸಿಕ್ಕಿ ತುಂಡಾಗಬಹುದು. ಬೋನು ತಳದಲ್ಲಿ ಉಳಿದುಬಿಡುತ್ತದೆ. ಒಳಗೆ ಹೋದ ಲಾಬ್‌ಸ್ಟರ್ ಹೊರಬರಲಾಗದೆ ಸಾಯುತ್ತದೆ. ಅದರ ವಾಸನೆಗೆ ಇನ್ನೊಂದು ಬರುತ್ತದೆ. ಅದೂ ಸಾಯುತ್ತದೆ. ಹಿಡಿದವರಿಲ್ಲ, ತಿಂದವರಿಲ್ಲ, ಬೇಟೆ ಮಾತ್ರ ವರ್ಷಗಟ್ಟಲೆ ನಡೆಯುತ್ತಲೇ ಇರುತ್ತದೆ. ಅದಕ್ಕೇ ಇಲ್ಲಿ ನಿಯಮ: ಬೋನಿನ ಒಂದು ಕಿಂಡಿಯನ್ನು ಹತ್ತಿ ದಾರದಿಂದಲೇ ಕಟ್ಟಬೇಕು. ದಪ್ಪ 3 ಮಿಲಿಮೀಟರ್ ಮೀರಬಾರದು. ಬಣ್ಣ, ಮೇಣ ಏನೂ ಹಚ್ಚಿರಬಾರದು. ಉಪ್ಪುನೀರಲ್ಲಿ ದಾರ ಕೊಳೆಯುತ್ತದೆ, ಕಿಂಡಿ ಬಿಚ್ಚಿಕೊಳ್ಳುತ್ತದೆ, ಒಳಗಿನ ಜೀವ ಹೊರಗೆ ಹೋಗುತ್ತದೆ.

ನಾನು ದಾವಣಗೆರೆಯವನು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನಿಸಿಕೊಂಡ ಊರು. ನಮ್ಮ ತಾತ ಹತ್ತಿ ಮಿಲ್ಲಿನಲ್ಲಿ ದುಡಿದವರು. ಮಿಲ್ಲಿನಿಂದ ತಂದ ನೂಲಲ್ಲಿ ಅಜ್ಜಿ ಕೌದಿ ಹೊಲಿಯುತ್ತಿದ್ದಳು. ದಾರ ಎಳೆದು ನೋಡಿ, ಹರಿಯದಿದ್ದರೆ ಮಾತ್ರ ಸೂಜಿಗೆ ಪೋಣಿಸುವಳು. ಅಂಥ ಮನೆಯಲ್ಲಿ ಬೆಳೆದವನಿಗೆ ಹರಿಯಲೆಂದೇ ಕಟ್ಟುವ ದಾರ ನೋಡಿ ಮನಸ್ಸಿಗೆ ಏನೋ ಚುಚ್ಚಿದ ಹಾಗಾಯಿತು. ಯಾಕೆ ಅಂತ ಆಗ ತಿಳಿಯಲಿಲ್ಲ.

ಎರಡು ದಿನ ಬಿಟ್ಟು ಬೋನು ಎತ್ತಲು ಹೋದೆವು. ಹವ್ಯಾಸಕ್ಕೆ ಹಿಡಿಯುವವರಿಗೆ ತಲೆಗೆ 10 ಬೋನು, ಅಷ್ಟೇ. ಮೊದಲೇ ಹೆಸರು ನೋಂದಾಯಿಸಬೇಕು. ತೇಲುಬುರುಡೆಯ ಮೇಲೆ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇರಬೇಕು. ಮರಿಗಳು ನುಸುಳಿ ಹೋಗಲಿ ಅಂತ ಬೋನಿನ ಪಕ್ಕದಲ್ಲಿ 60 ಮಿಲಿಮೀಟರ್ ಅಗಲದ ದುಂಡು ತೂತುಗಳೂ ಬೇಕು. ನಾಲ್ಕನೇ ಬೋನಿನಲ್ಲಿ ಒಂದು ಒಳ್ಳೆ ಲಾಬ್‌ಸ್ಟರ್ ಸಿಕ್ಕಿತು. ಅಜ್ಜ ಅಳತೆಪಟ್ಟಿ ಇಟ್ಟರು. 25 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಬಿಡಬೇಕು. ಇದು 27 ಇತ್ತು. ತಿರುಗಿಸಿ ನೋಡಿದರೆ ಬಾಲದ ಅಡಿ ಕಪ್ಪು ಸಾಸಿವೆ ಅಂಟಿಸಿದ ಹಾಗೆ ತತ್ತಿ. ಒಂಬತ್ತು ಹತ್ತು ತಿಂಗಳು ತತ್ತಿಯನ್ನು ಹೀಗೇ ಹೊತ್ತುಕೊಂಡಿರುತ್ತದಂತೆ. ಅಜ್ಜ ದೋಣಿಯ ಅಂಚಿಗೆ ಬಾಗಿ, ಎರಡೂ ಕೈಯಲ್ಲಿ ಹಿಡಿದು ನಿಧಾನ ನೀರಿಗೆ ಬಿಟ್ಟರು. ಎಸೆಯಲಿಲ್ಲ. ಸುತ್ತ ಒಂದು ನರಪಿಳ್ಳೆ ಇರಲಿಲ್ಲ.

ನಮ್ಮ ಅಮ್ಮನ ತವರು ಚನ್ನಗಿರಿ ಕಡೆ. ಸೂಳೆಕೆರೆಯಷ್ಟು ದೊಡ್ಡದಲ್ಲದಿದ್ದರೂ ನಮಗೆಲ್ಲ ಈಜು ಕಲಿಸಿದ ಕೆರೆ ಅಲ್ಲಿದೆ. ಹೋದ ಸಲ ರಜೆಗೆ ಬಂದಾಗ ಆ ಕೆರೆ ಕೋಡಿ ಬಿದ್ದಿತ್ತು. ಸಂತೋಷಕ್ಕೆ ಎಲ್ಲರೂ ನೋಡಲು ಹೋದೆವು. ಕೋಡಿಯ ಕೆಳಗೆ ಜಾತ್ರೆ. ಹೊಸ ನೀರಿಗೆ ಎದುರಾಗಿ ಮೀನು ಹತ್ತುತ್ತಿವೆ. ಕಲ್ಲಿಗೆ ಬಡಿದು ಬೀಳುತ್ತವೆ, ಮತ್ತೆ ಹಾರುತ್ತವೆ. ಇಬ್ಬರು ಹುಡುಗರು ಸೊಳ್ಳೆ ಪರದೆಯನ್ನು ಅಡ್ಡ ಹಿಡಿದಿದ್ದರು. ಅದರಲ್ಲಿ ನೀರು ಬಿಟ್ಟರೆ ಇನ್ನೇನೂ ದಾಟುವ ಹಾಗಿರಲಿಲ್ಲ. ಒಬ್ಬರು ದಡದಲ್ಲೇ ಮೀನಿನ ಹೊಟ್ಟೆ ಸೀಳುತ್ತಿದ್ದರು. ಹೆಬ್ಬೆರಳು ಹಾಕಿದರೆ ಹಳದಿ ತತ್ತಿ ಗೊಂಚಲು ಗೊಂಚಲಾಗಿ ಬರುತ್ತಿತ್ತು. ಅದನ್ನು ಕಲ್ಲಿನ ಮೇಲೆ ಒರೆಸಿ ಮುಂದಿನ ಮೀನು ತೆಗೆದುಕೊಳ್ಳುತ್ತಿದ್ದರು.

"ಅಣ್ಣಾ, ತತ್ತಿ ಇರೋ ಮೀನು ಹಿಡಿದರೆ ಮುಂದಿನ ವರ್ಷಕ್ಕೆ?" ಅಂದೆ.

"ನಾವು ಬಿಟ್ರೆ ಆ ಕಡೆಯೋರು ಹಿಡೀತಾರೆ ಬಿಡ್ರಿ" ಅಂದರು. ಕೋಪ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು.

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ನಮ್ಮ ಕೆರೆಗಳ ಕಥೆಯೆಲ್ಲ ಅದರಲ್ಲೇ ಇದೆ ಅನಿಸುತ್ತದೆ. ಆ ಕೆರೆ ಗುತ್ತಿಗೆಗೆ ಹೋಗುವುದು ಐದು ವರ್ಷಕ್ಕೆ. ಹಣ ಕಟ್ಟಿದವರು ಆರನೇ ವರ್ಷದ ಮೀನಿನ ಬಗ್ಗೆ ಯಾಕೆ ಯೋಚಿಸಬೇಕು? ಕೊನೇ ವರ್ಷ ಬಲೆಯ ಕಣ್ಣು ಸಣ್ಣದಾಗುತ್ತಾ ಹೋಗುತ್ತದೆ. ಬೇಸಿಗೆಯಲ್ಲಿ ಕೆರೆಯಂಗಳಕ್ಕೆ ಇಳಿದರೆ ಜಾಲಿ ಬೊಡ್ಡೆಗಳಿಗೆ ಸಿಕ್ಕಿಕೊಂಡ ನೈಲಾನ್ ಬಲೆಗಳು ಕಾಣುತ್ತವೆ. ಒಂದರಲ್ಲಿ ಒಣಗಿದ ಮೀನಿನ ಮುಳ್ಳುಗಳ ನಡುವೆ ಒಂದು ಆಮೆ ಚಿಪ್ಪು ನೋಡಿದ್ದೇನೆ. ಬಲೆ ಮಾತ್ರ ಹೊಸದರ ಹಾಗೇ ಇತ್ತು. ಅಜ್ಜನ ಅಂಗಳದಲ್ಲಿ ನನಗೆ ಚುಚ್ಚಿದ್ದು ಇದೇ. ಹಿಂದೆ ನಮ್ಮಲ್ಲೂ ನೂಲಿನ ಬಲೆಯೇ ಇತ್ತು. ದಿನಾ ಏರಿಯ ಮೇಲೆ ಒಣಗಿಸದಿದ್ದರೆ ಕೊಳೆತು ಹೋಗುತ್ತಿತ್ತು. ಹತ್ತಿಯ ಊರಿನವರು ನಾವು. ಕೊಳೆಯುವ ದಾರವನ್ನು ಬಿಟ್ಟುಕೊಟ್ಟು, ಕೊಳೆಯದ್ದನ್ನು ನೀರಿಗೆ ಹಾಕಿದೆವು.

ಕಾನೂನು ಇಲ್ಲವೇ? ಇದೆ. 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆಯ ಹೆಸರಿನಲ್ಲೇ ಸಂರಕ್ಷಣೆ ಅನ್ನುವ ಪದ ಇದೆ. ಆ ಪದ ನಮ್ಮ ಕೋಡಿಯ ತನಕ ಬಂದಿಲ್ಲ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಇಳಿಯುವ ಹಾಗಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಒಳನಾಡಿನ ಕೆರೆಗೆ ಅಂಥದ್ದೊಂದು ಇರಬಹುದು ಅಂತ ನಮ್ಮೂರಲ್ಲಿ ಯಾರಿಗೂ ಹೊಳೆದೇ ಇಲ್ಲ.

ಹೀಗೆಲ್ಲ ಫೋನಿನಲ್ಲಿ ಹೇಳಿದರೆ ನಮ್ಮ ಸೋದರಮಾವ ಸುಮ್ನೆ ಕೇಳುವವರಲ್ಲ. "ಅಲ್ಲಪ್ಪಾ, ಏಪ್ರಿಲ್‌ಗೆ ಕೆರೆ ಒಣಗ್ತೈತಿ. ಸಣ್ಣ ಮೀನು ಬಿಟ್ರೆ ಅದು ಯಾವ ನೀರಾಗ ದೊಡ್ಡದಾಗ್ಬೇಕು?" ಅಂದರು. ಈ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಸಮುದ್ರ ಒಣಗುವುದಿಲ್ಲ. ಕಾಟ್ಲಾ, ರೋಹು ನಿಂತ ನೀರಿನಲ್ಲಿ ತತ್ತಿ ಇಡುವುದೂ ಇಲ್ಲ, ಅವಕ್ಕೆ ಹರಿವ ಹೊಳೆ ಬೇಕು. 1957ರಲ್ಲಿ ಹೀರಾಲಾಲ್ ಚೌಧರಿಯವರು ಚುಚ್ಚುಮದ್ದು ಕೊಟ್ಟು ಗೆಂಡೆ ಜಾತಿಯ ಮೀನಿನಿಂದ ತತ್ತಿ ಇಡಿಸಿದ ಮೇಲೆಯೇ ಮೀನುಮರಿ ತಂದು ಕೆರೆಗೆ ಬಿಡುವುದು ಸುಲಭವಾಯಿತು. ಗುತ್ತಿಗೆಯವರು ಮಳೆಗಾಲದಲ್ಲಿ ಮರಿ ಬಿಟ್ಟು ಬೇಸಿಗೆಗೆ ಹಿಡಿಯುವುದು ಒಂದು ಬೆಳೆಯ ಹಾಗೆ. ಅದನ್ನು ಲೂಟಿ ಅನ್ನಲಾಗದು. ಆದರೆ ಕೋಡಿ ಹತ್ತುವ ನಾಟಿ ಮೀನನ್ನು ಯಾರೂ ಬಿತ್ತುವುದಿಲ್ಲ. ಅದರ ಬೀಜ ಅದರ ಹೊಟ್ಟೆಯಲ್ಲೇ ಇರುತ್ತದೆ.

ಇಲ್ಲಿ ನಾರ್ವೆಯವರೂ ಹುಟ್ಟಿನಿಂದ ಇಂಥವರಲ್ಲ. ಇದನ್ನೂ ಹೇಳಲೇಬೇಕು. 1960ರ ದಶಕದ ಕೊನೆಗೆ ಇವರು ಹೆರಿಂಗ್ ಮೀನನ್ನು ಬಾಚಿ ಬಾಚಿ ಹೆಚ್ಚುಕಡಿಮೆ ಖಾಲಿ ಮಾಡಿಬಿಟ್ಟಿದ್ದರು. ಅದು ಚೇತರಿಸಿಕೊಳ್ಳಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಲಾಬ್‌ಸ್ಟರೂ ಅದೇ ದಶಕದಿಂದ ಕುಸಿಯುತ್ತಾ ಬಂತು. ಹತ್ತಿ ದಾರದ ನಿಯಮ ಬಂದದ್ದು ಅದಾದ ಎಷ್ಟೋ ವರ್ಷಕ್ಕೆ.

ಇನ್ನೊಂದು ಮಾತು ಮಾವನೇ ನೆನಪಿಸಿದರು. ಶೃಂಗೇರಿಗೆ ಹೋದಾಗ ಮೀನಿಗೆ ಮಂಡಕ್ಕಿ ಹಾಕಿ ಕೈ ಮುಗಿದು ಬರುತ್ತೇವಲ್ಲ, ಅಲ್ಲಿ ಯಾರ ಕೈಯಲ್ಲಿ ಅಳತೆಪಟ್ಟಿ ಇದೆ? ಒಬ್ಬರೂ ಆ ಮೀನು ಮುಟ್ಟುವುದಿಲ್ಲ. ಅದೇ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರಿಕೊಂಡು ಹರಿಹರಕ್ಕೆ ಬರುತ್ತಾಳೆ. ಅಷ್ಟು ದೂರದೊಳಗೆ ನಮ್ಮ ಕೈ ಬದಲಾಗಿಬಿಡುತ್ತದೆ. ಬಿಡುವುದು ನಮಗೆ ಗೊತ್ತಿಲ್ಲ ಅಂತಲ್ಲ, ಅಲ್ವಾ?

ನಾನು ಕೇಳಿಕೊಂಡದ್ದು ಇಷ್ಟೇ. ಕೋಡಿ ಬಿದ್ದ ಮೊದಲ ಹದಿನೈದು ದಿನ ಅಲ್ಲಿ ಯಾರೂ ಬಲೆ ಹಾಕಬಾರದು, ಪರದೆ ಹಿಡಿಯಬಾರದು. ಮುಂದಿನ ಟೆಂಡರ್ ಕಾಗದದಲ್ಲಿ ಇದೊಂದು ಸಾಲು ಸೇರಲಿ. ಎರಡೂ ದಡದವರಿಗೆ ಒಂದೇ ಸಲ ಹೇಳಲಿ, ಆಗ "ಆ ಕಡೆಯೋರು" ಅನ್ನುವ ಮಾತೇ ಬರುವುದಿಲ್ಲ. ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸೋಮವಾರ ಮೀನುಗಾರರ ಸಂಘದವರು ಸೇರುತ್ತಾರಂತೆ. "ಕೇಳಿ ನೋಡ್ತೀನಿ" ಅಂದಿದ್ದಾರೆ.