ಬೀರುವಿನೊಳಗಿನ ನೆಟ್‌ವರ್ಕಿಂಗ್

ನೆಟ್‌ವರ್ಕಿಂಗ್ ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು, ಅಂದರೆ ಎಕ್ಸ್‌ಟರ್ನಲ್, ನಕ್ಕರೆಂದು ನನಗೆ ಸಿಟ್ಟಿಲ್ಲ. ಇಲ್ಲ, ಇದೆ. ಅದಕ್ಕೇ ಸಿಟ್ಟು.

/26 ಸಬ್‌ನೆಟ್‌ನಲ್ಲಿ (ನೆಟ್‌ವರ್ಕಿನ ಒಂದು ತುಂಡು) ಎಷ್ಟು ಹೋಸ್ಟ್, ಅಂದರೆ ಎಷ್ಟು ಸಾಧನಗಳಿಗೆ ವಿಳಾಸ ಸಿಗುತ್ತದೆ ಎಂದರು, 62 ಎಂದೆ. 64 ಅಲ್ಲವೇ ಎಂದರು, ಒಂದು ನೆಟ್‌ವರ್ಕ್ ವಿಳಾಸಕ್ಕೆ, ಒಂದು ಎಲ್ಲರಿಗೂ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್‌ಗೆ ಹೋಗುತ್ತದೆ ಸರ್ ಎಂದೆ. ನೆಟ್‌ವರ್ಕಿನ ಕೆಲಸವನ್ನು ಪದರಗಳಾಗಿ ವಿಂಗಡಿಸುವ ಓಎಸ್‌ಐ ಮಾದರಿಯ ಏಳೂ ಪದರಗಳನ್ನು ಒಪ್ಪಿಸಿದೆ. ಅಲ್ಲಿಗೇ ಬಿಡಬಹುದಿತ್ತಲ್ಲ ಆ ಎಕ್ಸ್‌ಟರ್ನಲ್? ತಮ್ಮ ಚೀಲದಿಂದ ಒಂದು ಮೊಳ ಕೇಬಲ್, ಅದರ ತುದಿಗೆ ಹಾಕುವ ಕನೆಕ್ಟರ್, ಎರಡನ್ನೂ ಒತ್ತಿ ಕೂಡಿಸುವ ಕ್ರಿಂಪಿಂಗ್ ಟೂಲ್ ತೆಗೆದು ಮೇಜಿನ ಮೇಲಿಟ್ಟು, "ಇದನ್ನು ಕ್ರಿಂಪ್ ಮಾಡಮ್ಮ" ಎಂದರು.

ಕೇಬಲ್ ಒಳಗಿನ ಎಂಟು ತಂತಿಗಳನ್ನು ಜೋಡಿಸಬೇಕಾದ ಬಣ್ಣಗಳ ಸಾಲು ನನಗೆ ನಿದ್ದೆಯಲ್ಲೂ ಬರುತ್ತದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ರೆಕಾರ್ಡ್‌ನಲ್ಲಿ ಬಣ್ಣದ ಪೆನ್ಸಿಲ್ ಹಿಡಿದು ಬರೆದಿದ್ದೇನೆ, "ಚೆನ್ನಾಗಿದೆ" ಎಂಬ ಸಹಿಯೂ ಇದೆ. ಆದರೆ ಕಾಗದದ ಮೇಲೆ ನೆಟ್ಟಗೆ ನಿಲ್ಲುವ ತಂತಿ ಕೈಯಲ್ಲಿ ನಿಲ್ಲುವುದಿಲ್ಲ. ಹೆಣೆದ ಜೋಡಿಗಳನ್ನು ಬಿಡಿಸಿದ ಕೂಡಲೇ ಎಂಟೂ ಸುರುಳಿ ಸುತ್ತಿಕೊಂಡು ಒಂದೊಂದು ದಿಕ್ಕಿಗೆ ಹೊರಟವು. ಹಸಿರು ತಂತಿ ತನ್ನ ಜೋಡಿಯನ್ನು ಬಿಟ್ಟು, ಎರಡು ನೀಲಿಗಳನ್ನು ದಾಟಿ ಆರನೆಯ ಜಾಗಕ್ಕೆ ಹೋಗಬೇಕು, ಒಲ್ಲೆ ಎನ್ನುತ್ತದೆ. ಕರೆಂಟು ಹೋಗಿತ್ತು, ಬೆರಳಿಗೆಲ್ಲ ಬೆವರು. (ರಾಯಚೂರಿನ ಬಿಸಿಲು ಗೊತ್ತಲ್ಲ. ವಿದ್ಯುತ್ ಉತ್ಪಾದಿಸುವ ಶಕ್ತಿನಗರ ನಮ್ಮ ಪಕ್ಕದಲ್ಲೇ ಇದೆ, ಅದು ಬೇರೆ ಮಾತು.) ಹೇಗೋ ತುರುಕಿ ಟೂಲನ್ನು ಒತ್ತಿದೆ. ಕೈ ಬಿಟ್ಟರೆ ಕನೆಕ್ಟರ್ ಕಳಚಿ ನೆಲಕ್ಕೆ ಬಿದ್ದು ಉರುಳಿತು. ಬಗ್ಗಿ ಎತ್ತಿಕೊಂಡೆ. ಆಗ ನಕ್ಕರು: "ಮೂರು ವರ್ಷ ಏನು ಓದಿದೆಯಮ್ಮ?"

ನಮ್ಮ ಲ್ಯಾಬ್ ಸರ್ ಪಕ್ಕದಲ್ಲೇ ಇದ್ದರು, ಕ್ಯಾಲೆಂಡರ್ ನೋಡುತ್ತಾ.

ಇವರಿಗೆ ಇದನ್ನೆಲ್ಲ ಮುಟ್ಟಲು ಕೊಟ್ಟೇ ಇಲ್ಲ ಎಂದು ಒಂದೇ ಒಂದು ಮಾತು ಹೇಳಬಹುದಿತ್ತು ಅವರು. ಕ್ರಿಂಪಿಂಗ್ ಟೂಲು, ಟೆಸ್ಟರು, ಸ್ವಿಚ್ಚು, ಎರಡು ರೌಟರು ಎಲ್ಲವೂ ಅವರ ಬೆನ್ನ ಹಿಂದಿನ ಗಾಜಿನ ಬೀರುವಿನಲ್ಲೇ ಇವೆ, ಪ್ಲಾಸ್ಟಿಕ್ ಹೊದಿಕೆ ಸಮೇತ. ತಪಾಸಣೆಯವರು ಬಂದ ದಿನ ಮಾತ್ರ ಹೊರಬರುತ್ತವೆ, ಸಂಜೆ ಒಳಗೆ ಹೋಗುತ್ತವೆ. ಕೀಲಿ ಪ್ರಾಂಶುಪಾಲರ ಹತ್ತಿರ ಎಂದು ಸರ್, ಸರ್ ಹತ್ತಿರ ಎಂದು ಪ್ರಾಂಶುಪಾಲರು. ನಮಗೆ ಪ್ಯಾಕೆಟ್ ಟ್ರೇಸರ್ ಇದೆಯಲ್ಲ, ಪರದೆಯ ಮೇಲೇ ನೆಟ್‌ವರ್ಕ್ ಕಟ್ಟುವ ಸಾಫ್ಟ್‌ವೇರ್! ಅದರಲ್ಲಿ ಎರಡು ಕಡೆ ಕ್ಲಿಕ್ ಮಾಡಿದರೆ ಕೇಬಲ್ ತಾನಾಗಿಯೇ ಅಂಟಿಕೊಳ್ಳುತ್ತದೆ. ಬೆವರೂ ಬರುವುದಿಲ್ಲ.

ಹೋಗಲಿ, ಸರ್ ಆದರೂ ಏನು ಮಾಡಿಯಾರು? ಅತಿಥಿ ಉಪನ್ಯಾಸಕರು, ಸಂಬಳ ಯಾವಾಗ ಬರುತ್ತದೋ ಅವರಿಗೇ ತಿಳಿಯದು. ಹಾಗೆಂದು ಕ್ಯಾಲೆಂಡರ್ ನೋಡುವುದೇ?

ಮನೆಯಲ್ಲಿ ನಾನೇ ದೊಡ್ಡ ಇಂಜಿನಿಯರ್. ಓಣಿಯಲ್ಲಿ ಯಾರ ಮನೆಯ ವೈಫೈ ನಿಂತರೂ "ನಮ್ಮ ಹುಡುಗಿಯನ್ನು ಕಳಿಸುತ್ತೇನೆ" ಎನ್ನುತ್ತಾಳೆ ಅವ್ವ. ಹೋಗುತ್ತೇನೆ, ಗಂಭೀರವಾಗಿ ಪೆಟ್ಟಿಗೆಯನ್ನು ದಿಟ್ಟಿಸುತ್ತೇನೆ, ಆರಿಸಿ ಹಚ್ಚುತ್ತೇನೆ. ಚಹಾ ಕೊಡುತ್ತಾರೆ. ಮೂರು ವರ್ಷದ ವಿದ್ಯೆ ಅಷ್ಟೇ.

ಇಷ್ಟಾದರೂ ಸುಮ್ಮನಿರುತ್ತಿದ್ದೆ. ಸಂಜೆ ಕಾಲೇಜಿನ ಗುಂಪಿನಲ್ಲಿ ಸಂದೇಶ ಬಂತು: ಅಂತಿಮ ವರ್ಷದವರೆಲ್ಲರೂ ಲ್ಯಾಬ್ ಬ್ರೇಕೇಜ್ ಶುಲ್ಕ ಕಟ್ಟಬೇಕು, ಇಲ್ಲವಾದರೆ ಹಾಲ್ ಟಿಕೆಟ್ ಇಲ್ಲ. ಬ್ರೇಕೇಜ್! ಯಾವುದು ಒಡೆಯಿತು? ಬೀರುವಿನ ಗಾಜು ನೆಟ್ಟಗಿದೆ, ಒಳಗಿನ ಹೊದಿಕೆಯನ್ನೂ ಯಾರೂ ಬಿಚ್ಚಿಲ್ಲ. ಯಾರಾದರೂ ಉತ್ತರ ಕೊಡಿ. ಗುಂಪಿನಲ್ಲಿ ಕೇಳೋಣವೆಂದರೆ ಅಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಬಹುದು.

ಸೋಮವಾರ ಕಚೇರಿಗೇ ಹೋಗಿ ಕೇಳುತ್ತೇನೆ. ಕೇಳಿದರೆ ಇಂಟರ್ನಲ್ ಅಂಕಕ್ಕೆ ಕತ್ತರಿ ಬೀಳುತ್ತದೆ, ಸುಮ್ಮನೆ ಕಟ್ಟು ಎನ್ನುತ್ತಾಳೆ ಗೆಳತಿ. ಕಟ್ಟಿಬಿಡುತ್ತೇನೆ. ಆದರೆ ರಸೀದಿಯಲ್ಲಿ ಏನು ಒಡೆಯಿತೆಂದು ಬರೆದು ಕೊಡಲೇಬೇಕು.