ಪ್ಯಾಡ್ ಬದಲಿಸೋ ಮುಂಚೆ ಮಾಸ್ಟರ್ ಸಿಲಿಂಡರ್ ನೋಡಿ

ಬ್ರೇಕ್ ಪೆಡಲ್ ಕೆಳಗಿಳಿದರೆ ಮೊದಲು ಚಕ್ರದಲ್ಲಿ ಉಜ್ಜಿ ಗಾಡಿ ನಿಲ್ಲಿಸೋ ಪ್ಯಾಡ್, ಲೈನರ್ ಬದಲಿಸಿ ಅಂತ ಬ್ರೇಕ್ ಬಗ್ಗೆ ನೀವು ಬರೆದ ಲೇಖನದಲ್ಲಿದೆ. ಹಳೇ ಪಿಕಪ್ ಓಡಿಸೋ ನನಗೆ ಇದು ಒಪ್ಪಿಗೆ ಇಲ್ಲ ಸಾರ್. ಅಡಿಕೆ ಮೂಟೆ ಹೇರಿಕೊಂಡು ಚಾರ್ಮಾಡಿ ಘಾಟಿ ಇಳಿಯುವಾಗ ನನ್ನ ಗಾಡಿಯ ಪೆಡಲ್ ಒತ್ತಿ ಹಿಡಿದಷ್ಟೂ ಮೆಲ್ಲಗೆ ನೆಲಕ್ಕೆ ಕೂರುತ್ತಿತ್ತು. ಎರಡು ಸಲ ಪಂಪ್ ಮಾಡಿದರೆ ಮತ್ತೆ ಮೇಲೆ. ಸೆಕೆಂಡ್ ಗೇರಲ್ಲಿ ಜೀವ ಕೈಯಲ್ಲಿ ಹಿಡಿದು ಇಳಿಸಿದೆ. ಗ್ಯಾರೇಜಿನವರು ಹೊಸ ಪ್ಯಾಡ್ ಹಾಕಿ ದುಡ್ಡು ಎಣಿಸಿಕೊಂಡರು, ಪೆಡಲ್ ಮಾತ್ರ ಹಾಗೇ. ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಒಂದಿಷ್ಟೂ ಇಳಿದಿರಲಿಲ್ಲ, ಡ್ರಮ್ ಒಳಗೂ ಒಣ. ಹೊರಗೆಲ್ಲೂ ಸೋರದೆ ಪೆಡಲ್ ಕೂರುತ್ತಿದ್ದರೆ ಹೆಚ್ಚಾಗಿ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರದ ಬ್ರೇಕಿಗೆ ತಳ್ಳೋ ಭಾಗ) ರಬ್ಬರ್ ಸವೆದಿರುತ್ತೆ, ಆಯಿಲ್ ಅದನ್ನು ದಾಟಿ ಒಳಗೊಳಗೇ ಹಿಂದಕ್ಕೆ ನುಸುಳುತ್ತೆ. ಅದರ ರಬ್ಬರ್ ಕಿಟ್ ಹಾಕಿಸಿ, ಡಾಟ್ 3 ದರ್ಜೆಯ ಹೊಸ ಬ್ರೇಕ್ ಆಯಿಲ್ ತುಂಬಿ, ಪೈಪಿನೊಳಗಿನ ಏರ್ ತೆಗೆಸಿದ ಮೇಲೆ ಸರಿಹೋಯ್ತು.

ಇನ್ನೊಂದು ನೀವು ಬರೆದೇ ಇಲ್ಲ. ಎಷ್ಟೋ ಪಿಕಪ್‌ಗಳಲ್ಲಿ ಲೋಡಿಗೆ ತಕ್ಕಂತೆ ಹಿಂದಿನ ಬ್ರೇಕಿಗೆ ಒತ್ತಡ ಬಿಡೋ ವಾಲ್ವ್ ಇರುತ್ತೆ. ಅದರ ಕಡ್ಡಿ ಮಣ್ಣು, ತುಕ್ಕಿಗೆ ಜಾಮ್ ಆದರೆ ಲೋಡ್ ಇದ್ದಾಗಲೇ ಹಿಂದಿನ ಬ್ರೇಕ್ ಸರಿಯಾಗಿ ಹಿಡಿಯಲ್ಲ. ನನ್ನದರಲ್ಲಿ ಅದೂ ಸಿಕ್ಕಿಕೊಂಡಿತ್ತು! ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾದರೆ ಬೂಸ್ಟರ್ (ಪೆಡಲ್ ಒತ್ತೋಕೆ ಬಲ ಕೊಡೋ ಭಾಗ), ಅದರ ವ್ಯಾಕ್ಯೂಮ್ ಪೈಪ್ ನೋಡಿಸಿ, ಅದು ಬೇರೆ ಕಾಯಿಲೆ.